ಕಾಗದ ಓದಿ ಮರೆಯುತ್ತಿದ್ದವರು

ನಾವು ಚಿಕ್ಕವರಿದ್ದಾಗ ನಮ್ಮ ಓಣಿಯ ಏಳೆಂಟು ಮನೆಗಳ ಗಂಡಸರು ಸೌದಿಗೋ ಕುವೈತಿಗೋ ದುಡಿಯಲು ಹೋಗಿದ್ದರು. ಫೋನು ದುಬಾರಿಯಾಗಿದ್ದ ಕಾಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಉರ್ದುವಿನಲ್ಲಿ ಬರೆದ ಕಾಗದ ಬರುತ್ತಿತ್ತು. ಓದು ಬಾರದ ಹೆಂಗಸರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಉರ್ದು ಶಾಲೆಯ ಮಾಸ್ತರರ ಮನೆಗೆ ಬರುತ್ತಿದ್ದರು. ಬಾಗಿಲ ಪರದೆಯ ಈಚೆ ಮಾಸ್ತರರು, ಆಚೆ ಆ ಹೆಂಗಸು. ಸಂಜೆಯ ಪಾಠಕ್ಕೆ ಹೋಗಿರುತ್ತಿದ್ದ ನಮ್ಮನ್ನೆಲ್ಲ ಅಷ್ಟು ಹೊತ್ತು ಅಂಗಳಕ್ಕೆ ಅಟ್ಟಿಬಿಡುತ್ತಿದ್ದರು. ದುಡ್ಡಿನ ಲೆಕ್ಕ, ಅತ್ತೆಯ ಮೇಲಿನ ದೂರು, ದೂರದೂರಲ್ಲಿ ಬಿದ್ದ ಗಂಡನ ಕಾಯಿಲೆ, ಯಾರೆದುರೂ ಆಡಲಾಗದ ಪ್ರೀತಿಯ ಒಂದೆರಡು ಮಾತು, ಎಲ್ಲವೂ ಮಾಸ್ತರರ ಬಾಯಿಂದಲೇ ಆ ಹೆಂಗಸಿಗೆ ತಲುಪಬೇಕಿತ್ತು. ಓದಿ ಮುಗಿಸಿದ ಮೇಲೆ ಕಾಗದವನ್ನು ಮಡಚಿ ಪರದೆಯ ಅಡಿಯಿಂದ ಹಿಂದಕ್ಕೆ ಕೊಡುತ್ತಿದ್ದರು.

ಒಮ್ಮೆ ನಮ್ಮೆದುರಿಗೇ ಪಕ್ಕದ ಮನೆಯ ಖಾಲಾ ಒಬ್ಬರು ಅವರನ್ನು ಕೇಳಿದರು: "ಮಾಸ್ಟರ್ ಸಾಬ್, ಅವಳ ಗಂಡ ಈ ಸಲ ಎಷ್ಟು ಕಳಿಸಿದ್ದಾನಂತೆ?"

"ಕಾಗದ ಅವಳದ್ದಮ್ಮಾ. ಓದಿದ ಮೇಲೆ ಅದು ನನಗೇಕೆ ನೆನಪಿರಬೇಕು?" ಎಂದರು ಮಾಸ್ತರರು.

ಇಡೀ ಓಣಿಯ ಗುಟ್ಟು ಆ ಒಬ್ಬ ಮನುಷ್ಯನ ಕೈಯಲ್ಲಿತ್ತು. ಆದರೂ ಹೆಂಗಸರು ಹೆದರಲಿಲ್ಲ. ಅಂದು ನಮಗೆ ಇದೇನೂ ದೊಡ್ಡ ಸಂಗತಿ ಎನಿಸಿರಲಿಲ್ಲ. ಇಂದು ಕೈಯಲ್ಲಿ ಸ್ಮಾರ್ಟ್‌ಫೋನು ಹಿಡಿದು, ನಮ್ಮ ಕಾಗದಗಳನ್ನು ಯಾರು ಯಾರು ಓದುತ್ತಿದ್ದಾರೆಂಬುದೇ ತಿಳಿಯದೆ ಕೂತಿರುವಾಗ ಆ ಮಾಸ್ತರರು ಮತ್ತೆ ಮತ್ತೆ ನೆನಪಾಗುತ್ತಾರೆ.

ಡಿಜಿಟಲ್ ಲೋಕದ ಖಾಸಗಿತನದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಲೇಖನಗಳು ಬರುತ್ತಲೇ ಇವೆ. ಬಹುಪಾಲು ಲೇಖನಗಳ ಧಾಟಿ ಒಂದೇ. ಪಾಸ್‌ವರ್ಡ್ ಬದಲಿಸಿ, ಗೊತ್ತಿಲ್ಲದ ಕೊಂಡಿ ಒತ್ತಬೇಡಿ, ಓಟಿಪಿ ಯಾರಿಗೂ ಹೇಳಬೇಡಿ. ಒಳ್ಳೆಯ ಮಾತುಗಳೇ. ಆದರೆ ಇವು ಹೊಣೆಯನ್ನೆಲ್ಲ ಬಳಸುವವನ ತಲೆಗೇ ಕಟ್ಟುತ್ತವೆ. ನಲವತ್ತು ಪುಟದ ಇಂಗ್ಲಿಷ್ ಷರತ್ತುಗಳ ಕೆಳಗೆ 'ಒಪ್ಪಿಗೆ' ಒತ್ತದಿದ್ದರೆ ಆ್ಯಪೇ ತೆರೆಯುವುದಿಲ್ಲ ಎಂದಾಗ ಬೀಡಿ ಕಟ್ಟುವ ಹೆಂಗಸು ಮಾಡುವುದೇನು? ಓದು ಬಾರದವಳಿಗೆ 'ನಿನ್ನ ಕಾಗದ ನೀನೇ ಓದಿಕೋ' ಎಂದು ಬುದ್ಧಿ ಹೇಳಿದಂತಾಯಿತು ಇದು. ಓದುವ ಮಾಸ್ತರ ಹೇಗಿರಬೇಕೆಂಬ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ. ಇಂದಿನ ಮಾಸ್ತರರೆಂದರೆ ಸಾಫ್ಟ್‌ವೇರ್ ಬರೆಯುವವರು. ಅವರ ಕೈಯಲ್ಲಿ ಏನಿದೆ, ಅವರು ಏನು ಮಾಡಬಲ್ಲರು, ಏನು ಮಾಡದೆ ಬಿಟ್ಟಿದ್ದಾರೆ ಎಂಬುದನ್ನು ಎಂಜಿನಿಯರರಲ್ಲದ ನಾವೂ ಕೇಳಬೇಕಾಗಿದೆ.

ನಮ್ಮ ಅಕ್ಕನ ಮಗನೊಬ್ಬ ಬೆಂಗಳೂರಿನ ಕಂಪನಿಯೊಂದರಲ್ಲಿ ಆ್ಯಪ್ ಬರೆಯುವ ಕೆಲಸದಲ್ಲಿದ್ದಾನೆ. ಔಷಧಿಯನ್ನು ಮನೆಬಾಗಿಲಿಗೆ ತಲುಪಿಸುವ ಆ್ಯಪ್. ಹಬ್ಬಕ್ಕೆ ಬಂದಾಗ ಅದನ್ನು ನಮ್ಮ ಫೋನಿಗೂ ಹಾಕಿಕೊಟ್ಟ. ಅದು ನಮ್ಮ ಹುಟ್ಟಿದ ದಿನ ಕೇಳಿತು, ಫೋನಿನಲ್ಲಿರುವ ನಂಟರಿಷ್ಟರ ನಂಬರುಗಳನ್ನೆಲ್ಲ ಕೇಳಿತು, ನಾವೆಲ್ಲಿದ್ದೇವೆಂದು ಹಗಲಿರುಳೂ ನೋಡಲು ಅಪ್ಪಣೆ ಕೇಳಿತು. ಬಿಪಿ ಮಾತ್ರೆ ತರಲು ಇದೆಲ್ಲ ಏಕಪ್ಪಾ ಎಂದೆವು. ಹುಡುಗ ನಕ್ಕ.

"ನನಗೂ ಬೇಡ ಮಾಮು. ಮೀಟಿಂಗಿನಲ್ಲಿ ಕೇಳಿದ್ದೆ ಕೂಡ. ಇರಲಿ, ಮುಂದೆ ಬೇಕಾಗಬಹುದು ಅಂದರು."

ಈ 'ಮುಂದೆ ಬೇಕಾಗಬಹುದು' ಎಂಬ ಮಾತಿನಲ್ಲಿ ಕೇಡಿಲ್ಲ. ನಮ್ಮ ಅಮ್ಮಂದಿರು ಹಳೆಯ ಡಬ್ಬಿ, ಹರಿದ ಚೀಲಗಳನ್ನೂ ಇದೇ ಮಾತು ಹೇಳಿ ಅಟ್ಟಕ್ಕೆ ಏರಿಸುತ್ತಿದ್ದರು. ಆದರೆ ಮನುಷ್ಯರ ವಿವರಗಳು ಹಳೆಯ ಡಬ್ಬಿಗಳಲ್ಲ. ಮುಂದೆ ಬೇಕಾಗಬಹುದು ಸರಿ, ಯಾರಿಗೆ? ಈ ಪ್ರಶ್ನೆಯನ್ನು ಕೇಳದೆ ಹೋದ ಒಂದು ದೇಶದ ಕಥೆ ಇತಿಹಾಸದಲ್ಲಿ ಇದೆ.

ಎರಡನೆಯ ಮಹಾಯುದ್ಧಕ್ಕೆ ಮೊದಲೇ ನೆದರ್ಲೆಂಡಿನ ನಗರಸಭೆಗಳು ಪ್ರತಿಯೊಬ್ಬ ನಿವಾಸಿಯ ಹೆಸರಿನಲ್ಲೂ ಒಂದು ಕಾರ್ಡು ಇಟ್ಟಿದ್ದವು. ಅದರಲ್ಲಿ ಹುಟ್ಟು, ಮದುವೆ, ವಿಳಾಸಗಳ ಜೊತೆಗೆ ಧರ್ಮವೂ ಇತ್ತು. ಬರೆದಿಟ್ಟವರಿಗೆ ದುರುದ್ದೇಶವಿರಲಿಲ್ಲ. ಒಳ್ಳೆಯ ಆಡಳಿತಕ್ಕೆ ಅಚ್ಚುಕಟ್ಟಾದ ದಾಖಲೆ ಬೇಕೆಂಬ ನಂಬಿಕೆಯಷ್ಟೇ. 1940ರ ಮೇ ತಿಂಗಳಲ್ಲಿ ಹಿಟ್ಲರನ ಸೈನ್ಯ ಆ ದೇಶವನ್ನು ಹಿಡಿಯಿತು. ಜನನೋಂದಣಿ ಇಲಾಖೆಯ ಮುಖ್ಯಸ್ಥ ಯಾಕೋಬ್ ಲೆಂಟ್ಸ್ ತನ್ನ ಕೆಲಸದಲ್ಲಿ ಬಹಳ ನಿಷ್ಠೆಯ ಮನುಷ್ಯ. ಸುಲಭವಾಗಿ ನಕಲು ಮಾಡಲಾಗದ ಗುರುತಿನ ಚೀಟಿಯೊಂದನ್ನು ಆತ ರೂಪಿಸಿಕೊಟ್ಟ. ಯಹೂದಿಗಳ ಚೀಟಿಯ ಮೇಲೆ 'ಜೆ' ಎಂಬ ಅಕ್ಷರ ಬಿತ್ತು. ಆ ದೇಶದಲ್ಲಿದ್ದ ಸುಮಾರು 1 ಲಕ್ಷ 40 ಸಾವಿರ ಯಹೂದಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಕೊಲ್ಲಲ್ಪಟ್ಟರು. ಅದಕ್ಕೆ ಕಾರಣ ಆ ಕಾರ್ಡುಗಳು ಮಾತ್ರವೇ ಅಲ್ಲ ನಿಜ. ಆದರೆ ಹುಡುಕುವವನಿಗೆ ಬಾಗಿಲು ಬಾಗಿಲು ತಟ್ಟಿ ಕೇಳುವ ಕಷ್ಟವನ್ನು ಅವು ತಪ್ಪಿಸಿದವು.

ಮುಂದಿನದು ಕಥೆಗಾರರಾದ ನಮ್ಮನ್ನು ಹೆಚ್ಚು ಕಾಡುವ ಭಾಗ. 1943ರ ಮಾರ್ಚ್ 27ರ ರಾತ್ರಿ ಪೊಲೀಸರ ವೇಷ ಹಾಕಿದ ಒಂದು ಗುಂಪು ಆಮ್‌ಸ್ಟರ್‌ಡ್ಯಾಮಿನ ನೋಂದಣಿ ಕಚೇರಿಗೆ ನುಗ್ಗಿ ಆ ಕಾರ್ಡುಗಳಿಗೆ ಬೆಂಕಿ ಇಟ್ಟಿತು. ಮುಂದಾಳುಗಳು ಯಾರು? ವಿಲ್ಲೆಮ್ ಅರೊಂಡೆಯಸ್ ಎಂಬ ಚಿತ್ರಕಾರ ಹಾಗೂ ಲೇಖಕ, ಗೆರಿಟ್ ವಾನ್ ಡರ್ ವೇನ್ ಎಂಬ ಶಿಲ್ಪಿ. ಕಾವಲುಗಾರರನ್ನು ಕೊಲ್ಲದೆ ಮತ್ತಿನ ಮದ್ದು ಕೊಟ್ಟು ಮಲಗಿಸಿದರು. ಸುಟ್ಟದ್ದು ಒಂದು ಪಾಲು ಮಾತ್ರ, ವಿವರಗಳ ಪ್ರತಿ ಹೇಗ್ ನಗರದಲ್ಲಿ ಇತ್ತು. ಗುಂಪು ಸಿಕ್ಕಿಬಿದ್ದು, ಜುಲೈ 1ರಂದು ಅರೊಂಡೆಯಸ್ ಮತ್ತು ಸಂಗಾತಿಗಳನ್ನು ಗುಂಡಿಟ್ಟು ಕೊಂದರು. ಹೇಗ್‌ನ ಆ ದಾಖಲೆಗಳನ್ನು ನಾಶಮಾಡಲು ಬ್ರಿಟನ್ನಿನ ವಿಮಾನಗಳು 1944ರ ಏಪ್ರಿಲ್ 11ರಂದು ಬಾಂಬು ಹಾಕಬೇಕಾಯಿತು. ಕಚೇರಿಯಲ್ಲಿ ಕೂತಿದ್ದ ಎಷ್ಟೋ ಗುಮಾಸ್ತರು ಅದರಲ್ಲಿ ಸತ್ತರು.

ಒಂದು ಕಾಲಂ ಬಿಟ್ಟುಬಿಡುವುದಕ್ಕೆ ಗೆರೆ ಹಾಕುವವನಿಗೆ ಒಂದು ನಿಮಿಷ ಸಾಕಿತ್ತು. ಅದನ್ನು ಅಳಿಸಲು ಕಲಾವಿದರು ಪ್ರಾಣ ಕೊಡಬೇಕಾಯಿತು. ಕಂಪ್ಯೂಟರಿನ ಮುಂದೆ ಕೂತ ನಮ್ಮ ಹುಡುಗರಿಗೆ ಕಲಿಸಬೇಕಾದ ಮೊದಲ ಪಾಠ ಇದೇ ಎಂದು ನಾವು ತಿಳಿದಿದ್ದೇವೆ.

ಅದು ಯುರೋಪಿನ ಹಳೆಯ ಮಾತು, ನಮಗೇಕೆ ಎನ್ನುವವರು 2022ರ ನವೆಂಬರಿನ ಬೆಂಗಳೂರನ್ನು ನೆನೆಯಲಿ. ಮತದಾರರಲ್ಲಿ ತಿಳಿವಳಿಕೆ ಮೂಡಿಸುವ ಹೆಸರಿನಲ್ಲಿ ಅನುಮತಿ ಪಡೆದಿದ್ದ ಸಂಸ್ಥೆಯೊಂದರ ಜನ ಬೂತ್ ಅಧಿಕಾರಿಗಳಂತೆ ಮನೆ ಮನೆಗೆ ಹೋಗಿ ವಿವರ ಕಲೆಹಾಕಿ ಆ್ಯಪಿಗೆ ತುಂಬಿದರೆಂಬ ಆರೋಪ ಬಯಲಾಯಿತು. ಬಂಧನಗಳಾದವು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯ ಮರುಪರಿಶೀಲನೆಗೆ ಚುನಾವಣಾ ಆಯೋಗ ಆದೇಶಿಸಿತು. ಕೊರಳಲ್ಲಿ ಗುರುತಿನ ಪಟ್ಟಿ ನೇತುಹಾಕಿಕೊಂಡು ಬಂದವನಿಗೆ ನಮ್ಮ ಓಣಿಗಳ ಜನ ಎಲ್ಲವನ್ನೂ ಹೇಳಿಬಿಡುತ್ತಾರೆ. ಹೇಳದಿದ್ದರೆ ಹೆಸರು ಬಿಟ್ಟುಹೋದೀತೆಂಬ ಭಯ. ಹೇಳಿದ ಮೇಲೂ ಅದೇ ಭಯ.

ನಮಗೆ ಇನ್ನೂ ಹತ್ತಿರದ ಉದಾಹರಣೆ ನಮಾಜಿನ ವೇಳೆ ತಿಳಿಸುವ ಆ್ಯಪಿನದು. 2020ರ ನವೆಂಬರಿನಲ್ಲಿ ಅಮೆರಿಕದ 'ಮದರ್‌ಬೋರ್ಡ್' ಪತ್ರಿಕೆ ಒಂದು ವರದಿ ಪ್ರಕಟಿಸಿತು. ಸಿಂಗಾಪುರದ 'ಮುಸ್ಲಿಂ ಪ್ರೊ' ಆ್ಯಪನ್ನು ಜಗತ್ತಿನಾದ್ಯಂತ ಆ ಹೊತ್ತಿಗೆ 9 ಕೋಟಿಗೂ ಹೆಚ್ಚು ಸಲ ಇಳಿಸಿಕೊಳ್ಳಲಾಗಿತ್ತು. ಬಳಸುವವರು ಎಲ್ಲಿದ್ದಾರೆಂಬ ಮಾಹಿತಿ ಅದರಿಂದ 'ಎಕ್ಸ್-ಮೋಡ್' ಎಂಬ ಮಾರಾಟ ಕಂಪನಿಗೆ ಹೋಗುತ್ತಿತ್ತು. ಎಕ್ಸ್-ಮೋಡ್‌ನ ಗಿರಾಕಿಗಳಲ್ಲಿ ಅಮೆರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರೂ ಇದ್ದರು. ಬಳಕೆದಾರರ ಮಾಹಿತಿ ಸೇನೆಗೆ ಮಾರುತ್ತಿದ್ದೇವೆಂಬುದು ಸುಳ್ಳು ಎಂದ ಆ್ಯಪಿನವರು ಎಕ್ಸ್-ಮೋಡ್ ಜೊತೆಗಿನ ಸಂಬಂಧ ಕಡಿದುಕೊಂಡರು. 2024ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗವು ಎಕ್ಸ್-ಮೋಡ್ ಮತ್ತು ಅದರ ಉತ್ತರಾಧಿಕಾರಿ ಕಂಪನಿ ಜನರ ಸೂಕ್ಷ್ಮ ಸ್ಥಳ ಮಾಹಿತಿಯನ್ನು ಮಾರದಂತೆ ತಡೆಯಿತು.

ಇದು ಹೇಗೆ ನಡೆಯುತ್ತದೆ? ಆ್ಯಪ್ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆ ಕಂಪನಿಗಳು ಸಿದ್ಧಪಡಿಸಿದ ಕೋಡಿನ ಕಟ್ಟುಗಳನ್ನು ತಂದು ಒಳಗೆ ಕೂರಿಸುತ್ತಾರೆ. ಜಾಹೀರಾತಿಗೆ ಒಂದು, ಲೆಕ್ಕಕ್ಕೆ ಒಂದು. ಕೆಲವು ಕಟ್ಟುಗಳನ್ನು ಕೂರಿಸಿಕೊಂಡರೆ ಅವರೇ ಎದುರು ದುಡ್ಡು ಕೊಡುತ್ತಾರೆ. ಆ ಕಟ್ಟು ಒಳಗೆ ಕೂತು ಫೋನಿನ ಜಾಗವನ್ನು ತನ್ನ ಯಜಮಾನನಿಗೆ ವರದಿ ಮಾಡುತ್ತಿರುತ್ತದೆ. ನಮ್ಮ ಫೋನಿನಲ್ಲೂ ಅಂಥದೇ ಬೇರೊಂದು ಆ್ಯಪ್ ಇತ್ತು. ವರದಿ ಓದಿದ ದಿನ ಅದನ್ನು ತೆಗೆದುಹಾಕಿದೆವು. ಅಷ್ಟು ದಿನ ಅದು ಯಾರಿಗೆ ಏನು ಹೇಳಿತ್ತೋ, ಕೇಳಲು ವಿಳಾಸವಿಲ್ಲ.

ನಮಾಜಿನ ವೇಳೆ ಹೇಳಲು ಇದರ ಅಗತ್ಯವಾದರೂ ಏನು? ಬೇಕಾದದ್ದು ಊರಿನ ಅಕ್ಷಾಂಶ, ರೇಖಾಂಶ ಮತ್ತು ದಿನಾಂಕ. ಉಳಿದದ್ದು ಸೂರ್ಯನ ಲೆಕ್ಕ. ಕಿಬ್ಲಾದ ದಿಕ್ಕಿಗೂ ತ್ರಿಕೋನಮಿತಿಯ ಒಂದು ಸೂತ್ರ ಸಾಕು. ಇವನ್ನು ಅಗ್ಗದ ಫೋನು ಕೂಡ ತನ್ನೊಳಗೇ ಕ್ಷಣದಲ್ಲಿ ಮಾಡಿ ಮುಗಿಸುತ್ತದೆ, ಹೊರಗಿನವರಿಗೆ ಒಂದಕ್ಷರ ಹೇಳಬೇಕಿಲ್ಲ. ಹದಿನಾಲ್ಕನೆಯ ಶತಮಾನದ ಡಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ಇಬ್ನ್ ಅಲ್ ಶಾತಿರ್ ಎಂಬ ಖಗೋಳ ವಿಜ್ಞಾನಿ ವೇಳೆ ಲೆಕ್ಕಹಾಕುವ 'ಮುವಕ್ಕಿತ್' ಆಗಿದ್ದರು. ಯಾರು ನಮಾಜಿಗೆ ಬಂದರು, ಯಾರು ಎಲ್ಲಿಂದ ಬಂದರು ಎಂಬ ಪಟ್ಟಿ ಅವರ ಲೆಕ್ಕಕ್ಕೆ ಬೇಕಿರಲಿಲ್ಲ. ನಮ್ಮ ಮಸೀದಿಗಳ ಗೋಡೆಯ ಮೇಲಿನ ವೇಳಾಪಟ್ಟಿಯೂ ಯಾರನ್ನೂ ನೋಡುತ್ತಿರಲಿಲ್ಲ, ನಾವು ಅದನ್ನು ನೋಡುತ್ತಿದ್ದೆವು.

ಈ ಪ್ರಕರಣದಲ್ಲಿ ಮರೆಯಬಾರದ ಇನ್ನೊಂದು ಸಂಗತಿ ಇದೆ. ಗುಟ್ಟನ್ನು ಬಯಲು ಮಾಡಿದ್ದೂ ತಂತ್ರಜ್ಞಾನವೇ. ಪತ್ರಕರ್ತರು ಆ್ಯಪನ್ನು ಫೋನಿಗೆ ಹಾಕಿ, ಅದರಿಂದ ಹೊರಹೋಗುವ ಮಾಹಿತಿಯ ಹರಿವನ್ನು ತಂತ್ರಾಂಶದಿಂದ ಕಾದು ನೋಡಿ ಹಿಡಿದರು. ಹಾಗೆ ಕಾವಲು ಕಾಯುವುದೂ ತಂತ್ರಜ್ಞರು ಮಾಡಬಲ್ಲ ಕೆಲಸ. ನಮ್ಮ ಊರುಗಳ ಬ್ಯಾಂಕು, ಶಾಲೆ, ಸಾಲ ಕೊಡುವ ಆ್ಯಪುಗಳನ್ನು ಹೀಗೆ ಪರೀಕ್ಷಿಸಿ ಕನ್ನಡದಲ್ಲಿ ಬರೆದು ತಿಳಿಸುವವರು ಎಷ್ಟು ಮಂದಿ ಇದ್ದಾರೆ? ಲಕ್ಷಗಟ್ಟಲೆ ಎಂಜಿನಿಯರುಗಳಿರುವ ರಾಜ್ಯಕ್ಕೆ ಇದು ದೊಡ್ಡ ಬೇಡಿಕೆಯಲ್ಲ.

ಮರೆಯುವ ಯಂತ್ರವನ್ನು ಕಟ್ಟಲು ಸಾಧ್ಯವೇ ಎಂದರೆ, ಸಾಧ್ಯ. ಕಟ್ಟಿದವರಿದ್ದಾರೆ. 'ಸಿಗ್ನಲ್' ಎಂಬ ಸಂದೇಶ ಆ್ಯಪಿನವರಿಗೆ 2016ರಲ್ಲಿ ಅಮೆರಿಕದ ವರ್ಜೀನಿಯಾದಿಂದ ನ್ಯಾಯಾಲಯದ ಆದೇಶ ಬಂತು. ಎರಡು ಫೋನ್ ನಂಬರುಗಳ ಬಗ್ಗೆ ಇರುವ ಮಾಹಿತಿಯನ್ನೆಲ್ಲ ಕೊಡಿ ಎಂದು. ಅವರು ಕಾನೂನನ್ನು ಧಿಕ್ಕರಿಸಲಿಲ್ಲ, ಇದ್ದದ್ದನ್ನು ಕೊಟ್ಟರು. ಇದ್ದದ್ದು ಎರಡೇ ವಿವರ: ಖಾತೆ ತೆರೆದ ಸಮಯ, ಕೊನೆಯ ಬಾರಿ ಸಂಪರ್ಕಕ್ಕೆ ಬಂದ ಸಮಯ. ಯಾರ ಜೊತೆ ಮಾತಾಡಿದರು, ಏನು ಮಾತಾಡಿದರು ಎಂಬುದು ಅವರ ಬಳಿ ಇರಲೇ ಇಲ್ಲ. ಸಂದೇಶಕ್ಕೆ ಬೀಗ ಬೀಳುವುದು ಕಳಿಸುವವನ ಫೋನಿನಲ್ಲಿ, ತೆರೆಯುವುದು ಪಡೆಯುವವನ ಫೋನಿನಲ್ಲಿ. ನಡುವಿನ ಕಂಪನಿಯ ಕೈಯಲ್ಲಿ ಕೀಲಿಯೇ ಇಲ್ಲ. ಇದೇ ಬೀಗವನ್ನು 2016ರಲ್ಲಿ ವಾಟ್ಸಾಪ್ ಕೂಡ ಅಳವಡಿಸಿಕೊಂಡಿತು. ಆದರೆ ಅಲ್ಲಿ ಮಾತಿಗೆ ಬೀಗವಿದ್ದರೂ ಯಾರು ಯಾರೊಡನೆ ಯಾವಾಗ ಮಾತಾಡಿದರೆಂಬ ವಿವರಗಳು ಕಂಪನಿಯ ಕಣ್ಣಿಗೆ ಬೀಳುತ್ತವೆ. ಬೀಗ ಒಂದೇ, ಮರೆವಿನ ಪ್ರಮಾಣ ಬೇರೆ.

ಇದಕ್ಕೂ ಮೊದಲು, 1991ರಲ್ಲಿ, ಫಿಲ್ ಝಿಮ್ಮರ್‌ಮನ್ ಎಂಬ ಅಮೆರಿಕದ ತಂತ್ರಜ್ಞ ಇಂಥ ಬೀಗವನ್ನು 'ಪಿಜಿಪಿ' ಹೆಸರಿನಲ್ಲಿ ಉಚಿತವಾಗಿ ಹಂಚಿದ. ಗುಪ್ತಲಿಪಿಯ ತಂತ್ರಾಂಶವನ್ನು ಮದ್ದುಗುಂಡುಗಳ ಸಾಲಿಗೆ ಸೇರಿಸಿದ್ದ ಅಲ್ಲಿನ ಸರಕಾರ, ಅದು ದೇಶದ ಗಡಿ ದಾಟಿತೆಂದು ಆತನ ಮೇಲೆ ತನಿಖೆ ಹೂಡಿತು. 1995ರಲ್ಲಿ ಆ ಕೋಡು ಅಚ್ಚಾಗಿ ಪುಸ್ತಕವಾಗಿ ಹೊರಬಂತು. ಪುಸ್ತಕವನ್ನು ಮದ್ದುಗುಂಡು ಎನ್ನುವುದು ಯಾವ ಸರಕಾರಕ್ಕೂ ಸುಲಭವಲ್ಲ. 1996ರಲ್ಲಿ ಮೊಕದ್ದಮೆಯಿಲ್ಲದೆ ತನಿಖೆ ಮುಗಿಯಿತು.

ಬೀಗ ಹಾಕಿದರೆ ಕಳ್ಳರಿಗೂ ಅನುಕೂಲವಲ್ಲವೇ ಎಂಬ ಪ್ರಶ್ನೆ ಇದೆ. ಅದನ್ನು ಹಗುರಾಗಿ ತಳ್ಳಿಹಾಕಲಾರೆವು. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯಿಂದ ಜನ ಕೆರಳಿ ಹೈದರಾಬಾದಿನ ಯುವ ಎಂಜಿನಿಯರೊಬ್ಬನನ್ನು ಬಡಿದು ಕೊಂದರು. ದೇಶದ ಹಲವೆಡೆ ಅಂಥ ಕೊಲೆಗಳಾದವು. ಆಗ ಎಲ್ಲರ ಸಂದೇಶಗಳನ್ನೂ ತೆರೆದು ನೋಡಬೇಕೆಂಬ ಕೂಗು ಎದ್ದಿತು. ವಾಟ್ಸಾಪಿನವರು ಅದೇ ತಿಂಗಳು ಇನ್ನೊಂದು ದಾರಿ ಹಿಡಿದರು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿ ಹಾಕಿದರು. ವದಂತಿ ಪೂರ್ತಿ ನಿಂತಿತೆಂದು ನಾವು ಹೇಳುತ್ತಿಲ್ಲ. ಆದರೆ ಯಾರ ಕಾಗದವನ್ನೂ ಒಡೆಯದೆ ಅದರ ಓಟವನ್ನು ತಗ್ಗಿಸಲು ಬರುತ್ತದೆ ಎಂಬುದಂತೂ ಕಂಡಿತು. ಖಾಸಗಿತನ ಬೇಕೋ ಸುರಕ್ಷತೆ ಬೇಕೋ ಎಂದು ಕೇಳುವವರು ಇಂಥ ಮೂರನೆಯ ದಾರಿಗಳನ್ನು ಹುಡುಕುವ ಶ್ರಮ ತೆಗೆದುಕೊಂಡಿದ್ದಾರೆಯೇ ಎಂದು ಮೊದಲು ಕೇಳಬೇಕು.

ಕಾನೂನು ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. 2024ರಲ್ಲಿ ತೀರಿಕೊಂಡ ಆ ಹಿರಿಯರ ಹೆಸರು ಕಾನೂನು ಓದುವ ಪ್ರತಿ ವಿದ್ಯಾರ್ಥಿಯ ಬಾಯಲ್ಲಿದೆ, ನಮ್ಮ ನಾಡಿನ ಎಷ್ಟು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗೊತ್ತು? ಡಿಜಿಟಲ್ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂತು, ಅದರ ನಿಯಮಗಳು ಹೊರಬೀಳಲು 2025ರ ನವೆಂಬರ್ ಆಯಿತು. ಸರಕಾರ ತನಗೆ ಬೇಕಾದ ಸಂಸ್ಥೆಗಳನ್ನು ಆ ಕಾಯ್ದೆಯಿಂದ ಹೊರಗಿಡಲು ಅದರಲ್ಲೇ ಅವಕಾಶವಿದೆ. ಅದೂ ಅಲ್ಲದೆ, ಕಾನೂನು ಬರುವುದು ಕಾಗದ ಒಡೆದ ಮೇಲೆ. ಕಳೆದ ವರ್ಷ ನಮ್ಮೂರಿನ ಸಂತೆಯಲ್ಲಿ ಕೊಂಡ ಶೇಂಗಾದ ಪೊಟ್ಟಣ ಬಿಚ್ಚಿದರೆ, ಯಾರೋ ಹೆಣ್ಣುಮಗಳ ಆಧಾರ್ ಚೀಟಿಯ ಜೆರಾಕ್ಸ್. ಫೋಟೋ, ವಿಳಾಸ, ನಂಬರು ಎಲ್ಲ ಸ್ಪಷ್ಟ. ಯಾವ ಕಲಮಿನ ಕೆಳಗೆ ಯಾರ ಮೇಲೆ ದೂರು ಕೊಡುವುದು? ಮನೆಗೆ ತಂದು ಒಲೆಗೆ ಹಾಕಿದೆವು. ಇಡೀ ಚೀಟಿಯ ನಕಲು ಕೇಳದೆ, ಬೇಕಾದಷ್ಟನ್ನೇ ಖಚಿತಪಡಿಸಿಕೊಂಡು ಬಿಡುವ ವ್ಯವಸ್ಥೆ ಎಲ್ಲ ಕೌಂಟರುಗಳಲ್ಲೂ ಇದ್ದಿದ್ದರೆ ಆ ಪೊಟ್ಟಣವೇ ಹುಟ್ಟುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತನ್ನೂ ಆಡಬೇಕು. 2022ರ ಹೊಸ ವರ್ಷದ ದಿನ ನೂರಕ್ಕೂ ಹೆಚ್ಚು ಮುಸ್ಲಿಂ ಹೆಣ್ಣುಮಕ್ಕಳ ಫೋಟೋಗಳನ್ನು ಕದ್ದು 'ಹರಾಜಿ'ಗಿಟ್ಟ 'ಬುಲ್ಲಿ ಬಾಯಿ' ಆ್ಯಪ್ ಕಾಣಿಸಿಕೊಂಡಿತು. ಅದಕ್ಕೆ ಆರು ತಿಂಗಳ ಹಿಂದೆ ಅಂಥದೇ ಇನ್ನೊಂದು ಬಂದಿತ್ತು. ಬಂಧಿತರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರು, ಒಬ್ಬ ಸಿಕ್ಕಿದ್ದು ಬೆಂಗಳೂರಿನಲ್ಲಿ. ಗುರಿಯಾದವರು ಬರೆಯುವ, ಮಾತಾಡುವ, ಪ್ರಶ್ನಿಸುವ ಹೆಣ್ಣುಮಕ್ಕಳು. ಆಗ ನಮ್ಮ ಸಮುದಾಯದ ಕೆಲವು ಹಿರಿಯರು ಹೇಳಿದ್ದೇನು? 'ಫೋಟೋ ಹಾಕಬೇಕಿತ್ತೇಕೆ?' ಕೋಡು ಬರೆದ ಹುಡುಗನನ್ನು ಬಿಟ್ಟು ಫೋಟೋದಲ್ಲಿದ್ದ ಹುಡುಗಿಯನ್ನು ವಿಚಾರಿಸಿದರು. ಹೆಣ್ಣಿಗೆ ಪರ್ದೆ ಬೇಕೆನ್ನುವ ಅದೇ ಹಿರಿಯರ ಮನೆಗಳಲ್ಲಿ ಅವಳ ಫೋನಿಗೆ ಮಾತ್ರ ಪರ್ದೆ ಇರಕೂಡದು. ಅಣ್ಣ ತೆಗೆದು ನೋಡುತ್ತಾನೆ, ಗಂಡ ಪಾಸ್‌ವರ್ಡ್ ಕೇಳುತ್ತಾನೆ, ಅವಳಿಗೆ ತಿಳಿಯದಂತೆ ಅವಳ ಜಾಗ ತೋರಿಸುವ ಆ್ಯಪನ್ನು ಅಂಗಡಿ ಹುಡುಗನಿಂದ ಹಾಕಿಸುತ್ತಾನೆ. ಪರರ ಮನೆಗೆ ಅಪ್ಪಣೆ ಕೇಳದೆ ಹೋಗಬಾರದು, ಇನ್ನೊಬ್ಬರ ಗುಟ್ಟು ಕೆದಕಬಾರದು ಎಂದು ನಮಗೆ ಎಳವೆಯಲ್ಲೇ ಕಲಿಸಿದ್ದರು. ಅದು ಗೋಡೆ ಬಾಗಿಲುಗಳಿಗೆ ಮಾತ್ರ ಎಂದು ಯಾರು ಹೇಳಿದರು? ಪ್ರಭುತ್ವ ನಮ್ಮನ್ನು ಇಣುಕಿ ನೋಡುತ್ತದೆಂದು ದೂರುವ ನಾವು ನಮ್ಮ ಮನೆಯಲ್ಲಿ ಇಣುಕುವುದನ್ನು ಬಿಡದಿದ್ದರೆ ಆ ದೂರಿಗೆ ಬೆಲೆ ಇಲ್ಲ. ಇಂಥ ಗಂಡಂದಿರಿಗೆ ಗೂಢಚಾರ ಆ್ಯಪ್ ಬರೆದುಕೊಡುವವನೂ ತಂತ್ರಜ್ಞನೇ, ಬರೆಯುವುದಿಲ್ಲ ಎನ್ನಬಲ್ಲವನೂ ಅವನೇ.

ಹಬ್ಬ ಮುಗಿಸಿ ಹೊರಟ ಅಕ್ಕನ ಮಗನಿಗೆ ನಾವು ಮಾಸ್ತರರ ಕಥೆ ಹೇಳಿದೆವು. ಕೇಳಿ ಸುಮ್ಮನಿದ್ದ. ಆಮೇಲೆ ಹೇಳಿದ: "ಅವರದು ಹತ್ತು ಕಾಗದ ಮಾಮು. ನಮ್ಮಲ್ಲಿ ಲಕ್ಷಗಟ್ಟಲೆ ಜನರದು. ನಾನೊಬ್ಬ ಏನು ಮಾಡಲಿ? ಹೆಚ್ಚು ಮಾತಾಡಿದರೆ ಕೆಲಸ ಹೋಗುತ್ತೆ." ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸಂಬಳದ ಹುಡುಗನಿಂದ ಹುತಾತ್ಮನಾಗು ಎಂದು ಕೇಳುವ ಹಕ್ಕು ನಮಗಿಲ್ಲ. ಕೇಳಿಕೊಂಡದ್ದು ಇಷ್ಟೇ: ಮುಂದಿನ ಮೀಟಿಂಗಿನಲ್ಲಿ ಯಾರಾದರೂ 'ಮುಂದೆ ಬೇಕಾಗಬಹುದು' ಎಂದಾಗ 'ಯಾರಿಗೆ?' ಎಂದು ಒಂದು ಸಲ ಕೇಳು. ಅವರು ಉತ್ತರಿಸಲಿ, ಬಿಡಲಿ, ನೀನು ಕೇಳಿದ್ದು ಅಲ್ಲಿದ್ದ ಇನ್ನಿಬ್ಬರ ಕಿವಿಗಾದರೂ ಬೀಳಲಿ.

ಮೂರು ತಿಂಗಳ ನಂತರ ಅವನ ಫೋನು ಬಂತು. ಹುಟ್ಟಿದ ದಿನದ ಕಾಲಂ ತೆಗೆದರಂತೆ. ನಂಟರಿಷ್ಟರ ನಂಬರು ಕೇಳುವುದು ಹಾಗೇ ಉಳಿದಿದೆ.